ವರ್ಷಗಳ ಲೆಕ್ಕವೂ ಬ್ರೇಕಿನ ಲೆಕ್ಕವೂ

ಬೈಕ್ ತರಬೇತಿಗೆ ಸೇರಬೇಕೆಂದುಕೊಂಡವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಬೇಸಿಕ್ ಕೋರ್ಸಿಗೆ ಸೇರಲೋ, ಅಡ್ವಾನ್ಸ್ಡ್ ಕೋರ್ಸಿಗೋ? ಉತ್ತರಕ್ಕಾಗಿ ಬಹುತೇಕರು ನೋಡುವುದು ಲೈಸೆನ್ಸಿನ ಮೇಲಿರುವ ತಾರೀಕನ್ನು. ಲೈಸೆನ್ಸ್ ಕೈಗೆ ಬಂದು ಹದಿನೈದು ವರ್ಷವಾಗಿದ್ದರೆ ಬೇಸಿಕ್ ತಮ್ಮಂಥವರಿಗಲ್ಲ, ಅದು ಈಗಷ್ಟೇ ಎಲ್‌ಎಲ್‌ಆರ್ ಮಾಡಿಸಿದ ಹುಡುಗ ಹುಡುಗಿಯರಿಗೆ ಎಂದು ತೀರ್ಮಾನಿಸುತ್ತಾರೆ. ಇದನ್ನು ಜಂಬ ಎಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಈ ನಿಲುವಿನ ಹಿಂದೆ ಒಂದು ತರ್ಕವಿದೆ. ದಿನವೂ ಯಲಹಂಕದಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿಬರುವವರಿಗೆ ಕ್ಲಚ್ ಎಲ್ಲಿ ಹಿಡಿಯುತ್ತದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಸ್ಟಾಪಿನಲ್ಲಿ ನಿಂತ ಬಸ್ಸು ಯಾವಾಗ ಬಲಕ್ಕೆ ನುಗ್ಗುತ್ತದೆ, ಎದುರಿನ ಆಟೊ ಎಲ್ಲಿ ತಟ್ಟನೆ ನಿಲ್ಲುತ್ತದೆ ಎಂಬುದು ಅವರಿಗೆ ಕಣ್ಣಂಚಿನಲ್ಲೇ ಗೊತ್ತಾಗುತ್ತದೆ. ಜುಲೈ ಮಳೆಯಲ್ಲಿ ಆಗುಂಬೆ ಘಾಟಿಯ ಹೇರ್‌ಪಿನ್ ತಿರುವುಗಳನ್ನು ಇಳಿದು ಬಂದವರು ಅವರಲ್ಲಿ ಎಷ್ಟೋ ಮಂದಿ. ಅಂಥವರಿಗೆ ಒಂದು ಭಾನುವಾರವೂ ಕೆಲವು ಸಾವಿರ ರೂಪಾಯಿಯೂ ಸಣ್ಣದಲ್ಲ. ಗೊತ್ತಿರುವುದನ್ನೇ ಮತ್ತೆ ಕೇಳಿಸಿಕೊಳ್ಳಲು ಅದನ್ನು ಯಾಕೆ ಖರ್ಚು ಮಾಡಬೇಕು ಎಂದು ಅವರು ಕೇಳುತ್ತಾರೆ. ಅವರು ಕೊಡುವ ಹೋಲಿಕೆಯೂ ಸಲೀಸಾಗಿ ಮನಸ್ಸಿಗಿಳಿಯುತ್ತದೆ: ಎಸ್ಸೆಸ್ಸೆಲ್ಸಿ ಪಾಸಾದವರನ್ನು ಮತ್ತೆ ಒಂದನೇ ಕ್ಲಾಸಿನಲ್ಲಿ ಕೂರಿಸುತ್ತಾರೆಯೇ?

ಈ ವಾದದೊಳಗೆ ಬೇರೆ ಬೇರೆಯಾಗಿ ನಿಲ್ಲಬೇಕಾದ ಮೂರು ಮಾತು ಒಂದಕ್ಕೊಂದು ಅಂಟಿಕೊಂಡಿವೆ. ಹೆಚ್ಚು ವರ್ಷ ಓಡಿಸಿದವರಿಗೆ ಹೆಚ್ಚು ಕೌಶಲ ಬಂದಿರುತ್ತದೆ ಎನ್ನುವುದು ಮೊದಲನೆಯದು. ಬೇಸಿಕ್ ಎಂದರೆ ಏನೂ ಬಾರದವರ ಪಾಠ ಎನ್ನುವುದು ಎರಡನೆಯದು. ಅಡ್ವಾನ್ಸ್ಡ್ ಕಲಿತವರು ಬೇಸಿಕ್ ಕಲಿತವರಿಗಿಂತ ಹೆಚ್ಚು ಸುರಕ್ಷಿತರು ಎನ್ನುವುದು ಮೂರನೆಯದು. ಮೂರನ್ನೂ ಬಿಡಿಸಿ ನೋಡಿದರೆ ಒಂದೂ ಹಾಗೆಯೇ ಉಳಿಯುವುದಿಲ್ಲ.

ಮೊದಲನೆಯದನ್ನು ತೆಗೆದುಕೊಳ್ಳೋಣ. ಯಾವ ಕೆಲಸವನ್ನೇ ಆಗಲಿ ಮಾಡುತ್ತಾ ಮಾಡುತ್ತಾ ಕಲಿಯುತ್ತೇವೆ, ನಿಜ. ಆದರೆ ಅದಕ್ಕೆ ಎರಡು ಷರತ್ತುಗಳಿವೆ. ಆ ಕೆಲಸವನ್ನು ನಿಜವಾಗಿಯೂ ಪದೇಪದೇ ಮಾಡಿರಬೇಕು, ಮಾಡಿದ್ದು ಸರಿಯೋ ತಪ್ಪೋ ಎಂದು ಆಗಿಂದಾಗಲೇ ತಿಳಿಯಬೇಕು. ನಿತ್ಯದ ಸವಾರಿಯಲ್ಲಿ ಈ ಎರಡೂ ಷರತ್ತು ಪೂರೈಸುವ ಸಂಗತಿಗಳು ಕೆಲವಿವೆ: ನಿಧಾನಗತಿಯಲ್ಲಿ ತೋಲ ಹಿಡಿಯುವುದು, ಹಾಫ್ ಕ್ಲಚ್ಚಿನಲ್ಲಿ ತೆವಳುವುದು, ಟ್ರಾಫಿಕ್ಕಿನ ನಡೆಯನ್ನು ಊಹಿಸುವುದು. ಇವುಗಳಲ್ಲಿ ಹದಿನೈದು ವರ್ಷದ ಅನುಭವಕ್ಕೆ ನಿಜವಾದ ಬೆಲೆಯಿದೆ, ಅದನ್ನು ಕಡಿಮೆ ಮಾಡಿ ಹೇಳುವುದು ನನಗಿಷ್ಟವಿಲ್ಲ. ಆದರೆ ಅರವತ್ತರ ವೇಗದಿಂದ ಟೈರಿನ ಹಿಡಿತದ ಕೊನೆಯ ಹನಿಯನ್ನೂ ಬಳಸಿ ಗಾಡಿ ನಿಲ್ಲಿಸುವುದನ್ನು ಆ ಹದಿನೈದು ವರ್ಷದಲ್ಲಿ ಎಷ್ಟು ಸಲ ಮಾಡಿರುತ್ತೇವೆ? ನಾಲ್ಕೋ ಐದೋ ಸಲ, ಅದೂ ಗಾಬರಿಯಲ್ಲಿ. ಪ್ರತಿ ಸಲವೂ ಹೇಗೋ ಬಚಾವಾದೆವು ಎಂಬ ನಿಟ್ಟುಸಿರೊಂದೇ ಸಿಕ್ಕಿದ ಪಾಠ. ಇನ್ನೂ ಐದು ಮೀಟರ್ ಮುಂಚೆ ನಿಲ್ಲಿಸಬಹುದಿತ್ತೇ ಎಂದು ಅಳೆದು ಹೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಹಾಗಾಗಿ ವರ್ಷಗಳು ಕೂಡಿದಂತೆ ಈ ವಿಷಯದಲ್ಲಿ ಗಟ್ಟಿಯಾಗುವುದು ಕೌಶಲವಲ್ಲ, ಮೊದಲ ದಿನದಿಂದ ಅಂಟಿಕೊಂಡ ರೂಢಿ. ಅಮೆರಿಕದಲ್ಲಿ ಹ್ಯಾರಿ ಹರ್ಟ್ ಅವರ ತಂಡ ಲಾಸ್ ಏಂಜಲಿಸ್ ಪ್ರದೇಶದ 900 ಬೈಕ್ ಅಪಘಾತಗಳ ಜಾಗಕ್ಕೇ ಹೋಗಿ ತನಿಖೆ ನಡೆಸಿ 1981ರಲ್ಲಿ ಕೊಟ್ಟ ವರದಿ ಈ ವಿಷಯದಲ್ಲಿ ಇಂದಿಗೂ ಓದತಕ್ಕದ್ದು. ಅಪಾಯ ಕಣ್ಣಿಗೆ ಬಿದ್ದ ಗಳಿಗೆಯಿಂದ ಡಿಕ್ಕಿಯವರೆಗೆ ಸವಾರರಿಗೆ ಸಿಗುತ್ತಿದ್ದದ್ದು ಸಾಮಾನ್ಯವಾಗಿ ಎರಡು ಸೆಕೆಂಡಿಗೂ ಕಡಿಮೆ. ಆ ಅವಧಿಯಲ್ಲಿ ಅವರ ಕೈಕಾಲು ಮಾಡಿದ ತಪ್ಪುಗಳಲ್ಲೂ ಒಂದು ಕ್ರಮವಿತ್ತು: ಹಿಂದಿನ ಬ್ರೇಕನ್ನು ಅತಿಯಾಗಿ ತುಳಿದು ಚಕ್ರ ಜಾರಿಸುವುದು, ಮುಂದಿನ ಬ್ರೇಕನ್ನು ಸಾಕಷ್ಟು ಒತ್ತದೆ ಬಿಡುವುದು. ಅಪಘಾತಕ್ಕೀಡಾದವರಲ್ಲಿ ಶೇ. 92ರಷ್ಟು ಮಂದಿ ತಾವೇ ಕಲಿತವರು, ಇಲ್ಲವೇ ಮನೆಯವರಿಂದ ಗೆಳೆಯರಿಂದ ಕಲಿತವರು.

ಆ ವರದಿ ಬೇರೆ ದೇಶದ್ದು, ಬೇರೆ ಕಾಲದ್ದು ಎನ್ನಬಹುದು. ಆದರೆ ಅದು ಗುರುತಿಸಿದ ತಪ್ಪು ನಮ್ಮಲ್ಲಿ ಉಪದೇಶದ ರೂಪದಲ್ಲೇ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದಿದೆ. ಅಣ್ಣನೋ ಮಾವನೋ ಖಾಲಿ ಮೈದಾನದಲ್ಲಿ ಹಿಂದೆ ಕೂತು ಗಾಡಿ ಕಲಿಸುವಾಗ ಹೇಳುವ ಮೊದಲ ಎಚ್ಚರಿಕೆಯೇ "ಮುಂದಿನ ಬ್ರೇಕ್ ಹಿಡಿಯಬೇಡ, ಪಲ್ಟಿ ಹೊಡೀತೀಯ" ಎಂಬುದು. ಈ ಮಾತಿನಲ್ಲಿ ಅರ್ಧ ಸತ್ಯವಿರುವುದರಿಂದಲೇ ಅದು ಇಷ್ಟು ಕಾಲ ಬಾಳಿದೆ. ಬಲಗೈಯ ಲಿವರನ್ನು ಎರಡು ಬೆರಳಿನಿಂದ ಎಳೆದಾಗ ಏನಾಗುತ್ತದೆಂದು ಹತ್ತಿರದಿಂದ ನೋಡಿ. ಮೊದಲ ಒಂದಿಷ್ಟು ದೂರ ಲಿವರ್ ಸಡಿಲವಾಗಿಯೇ ಬರುತ್ತದೆ. ಆಮೇಲೆ ಪ್ಯಾಡು ಡಿಸ್ಕಿಗೆ ತಾಗುತ್ತದೆ, ಮುಂದಿನ ಫೋರ್ಕು ಕುಗ್ಗುತ್ತದೆ, ಗಾಡಿಯ ಮತ್ತು ಸವಾರರ ಭಾರ ಮುಂದಿನ ಚಕ್ರದ ಮೇಲೆ ಬಂದು ಕೂರುತ್ತದೆ, ಅಂಗೈಯಷ್ಟು ಅಗಲದ ರಬ್ಬರು ಟಾರಿಗೆ ಒತ್ತಿಕೊಳ್ಳುತ್ತದೆ. ಅಷ್ಟಾದ ಮೇಲೆ ಇನ್ನೂ ಜೋರಾಗಿ ಹಿಂಡುತ್ತಾ ಹೋದರೂ ಒಣ ರಸ್ತೆಯಲ್ಲಿ ಆ ಚಕ್ರ ಬಹುಮಟ್ಟಿಗೆ ತಡೆದುಕೊಳ್ಳುತ್ತದೆ. ಭಾರ ಬಂದು ಕೂರುವ ಮೊದಲೇ ಒಮ್ಮೆಲೇ ಬಾಚಿ ಹಿಡಿದರೆ ಮಾತ್ರ ಎಬಿಎಸ್ ಇಲ್ಲದ ಗಾಡಿಯಲ್ಲಿ ಚಕ್ರ ಕಚ್ಚಿಕೊಂಡು ಜಾರುತ್ತದೆ. ಎಂದರೆ ಬೀಳಿಸುವುದು ಮುಂದಿನ ಬ್ರೇಕಲ್ಲ, ಅದನ್ನು ಬಾಚುವ ರೀತಿ. ಹಿಂಡುತ್ತಾ ಹೋಗುವುದನ್ನು ಕಲಿಸಬೇಕಾದ ಜಾಗದಲ್ಲಿ ನಮ್ಮ ಹಿರಿಯರು ಮುಟ್ಟಲೇಬೇಡ ಎಂದರು. ಇದರ ಜೊತೆಗೆ ಸ್ಕೂಟರಿನ ರೂಢಿಯೂ ಸೇರಿಕೊಂಡಿದೆ. ಸ್ಕೂಟರಿನಲ್ಲಿ ಎಡಗೈ ಲಿವರ್ ಬ್ರೇಕು, ಬೈಕಿನಲ್ಲಿ ಅದೇ ಜಾಗದಲ್ಲಿರುವುದು ಕ್ಲಚ್ಚು. ಹತ್ತು ವರ್ಷ ಸ್ಕೂಟರ್ ಓಡಿಸಿ ಆಮೇಲೆ ಬೈಕ್ ಕೊಂಡವರ ಎಡಗೈ ಗಾಬರಿಯಲ್ಲಿ ತನ್ನ ಹಳೆಯ ಕೆಲಸವನ್ನೇ ಮಾಡಿದರೆ ಗಾಡಿ ನಿಲ್ಲುವುದಿಲ್ಲ, ಎಂಜಿನ್ನಿನ ತಡೆಯೂ ತಪ್ಪಿ ಹಗುರಾಗಿ ಮುಂದಕ್ಕೆ ಉರುಳುತ್ತದೆ. ಅನುಭವ ಇಲ್ಲಿ ಸಹಾಯಕ್ಕೆ ಬಾರದಿರುವುದಷ್ಟೇ ಅಲ್ಲ, ಅಡ್ಡವೇ ಬರುತ್ತದೆ.

ಇದರ ಬೆಲೆ ಎಷ್ಟು ಎಂದು ಲೆಕ್ಕ ಹಾಕಬಹುದು. ಗಂಟೆಗೆ 60 ಕಿಮೀ ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಎರಡೂ ಬ್ರೇಕನ್ನು ಸರಿಯಾಗಿ ಬಳಸುವವರು ಒಣ ಟಾರಿನಲ್ಲಿ, ಬ್ರೇಕ್ ಹಿಡಿಯಲು ಶುರುಮಾಡಿದ ಜಾಗದಿಂದ ಹೆಚ್ಚುಕಡಿಮೆ 20 ಮೀಟರಿನಲ್ಲಿ ನಿಲ್ಲುತ್ತಾರೆ. ಹಿಂದಿನ ಬ್ರೇಕನ್ನೇ ನಂಬಿದವರಿಗೆ ಸುಮಾರು 40 ಮೀಟರ್ ಬೇಕು, ಯಾಕೆಂದರೆ ಬ್ರೇಕ್ ಹಿಡಿದಷ್ಟೂ ಹಿಂದಿನ ಚಕ್ರದ ಮೇಲಿನ ಭಾರ ಕಡಿಮೆಯಾಗುತ್ತಾ ಹೋಗುತ್ತದೆ. ಮೊದಲ ಸವಾರ ಪೂರ್ತಿ ನಿಂತ ಜಾಗವನ್ನು ಎರಡನೆಯ ಸವಾರ ಇನ್ನೂ ಗಂಟೆಗೆ 42 ಕಿಮೀ ವೇಗದಲ್ಲಿ ದಾಟುತ್ತಿರುತ್ತಾನೆ. ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ, ಅವರಲ್ಲಿ ಸುಮಾರು 75 ಸಾವಿರ ಜನ ದ್ವಿಚಕ್ರ ವಾಹನದಲ್ಲಿದ್ದವರು. ಅವರೆಲ್ಲ ಬ್ರೇಕ್ ಹಿಡಿಯಲು ಬಾರದೆ ಸತ್ತರು ಎಂದು ನಾನು ಹೇಳುತ್ತಿಲ್ಲ. ಆದರೆ ಇಷ್ಟು ಜೀವ ಹೋಗುವ ದೇಶದಲ್ಲಿ ಇಪ್ಪತ್ತು ಮೀಟರಿನ ಅಂತರವನ್ನು ಆರಂಭಿಕರ ವಿಷಯ ಎಂದು ಬದಿಗಿಡಲು ನನಗೆ ಮನಸ್ಸು ಬರುವುದಿಲ್ಲ.

ಎರಡನೆಯ ಮಾತು: ಬೇಸಿಕ್ ಎಂದರೆ ಏನೂ ಬಾರದವರ ಪಾಠ. ಒಂದನೇ ಕ್ಲಾಸಿನ ಹೋಲಿಕೆ ಎಡವುವುದು ಇಲ್ಲೇ. ಶಾಲೆಯಲ್ಲಿ ಒಂದೊಂದು ತರಗತಿಯ ಕೊನೆಗೂ ಪರೀಕ್ಷೆಯಿದೆ, ಕೂಡುವುದು ಕಳೆಯುವುದು ಬಾರದವರು ಬೀಜಗಣಿತಕ್ಕೆ ಬರುವುದಿಲ್ಲ ಎಂಬ ಭರವಸೆಯ ಮೇಲೆ ಇಡೀ ಏಣಿ ನಿಂತಿದೆ. ಸವಾರಿಯಲ್ಲಿ ಅಂಥ ಪರೀಕ್ಷೆ ನಮ್ಮಲ್ಲಿ ಬಹುಪಾಲು ಜನ ಕೊಟ್ಟಿಲ್ಲ. ಆರ್‌ಟಿಒ ಮೈದಾನದಲ್ಲಿ ಕಾಲೂರದೆ ಎಂಟು ಹೊಡೆದದ್ದೇ ನಾವು ಪಾಸಾದ ಪರೀಕ್ಷೆ. ಅದು ನಡಿಗೆಯ ವೇಗದ ತೋಲವನ್ನು ನೋಡುತ್ತದೆ, ಅರವತ್ತರ ವೇಗದಲ್ಲಿ ನಮ್ಮ ಕೈ ಏನು ಮಾಡುತ್ತದೆಂದು ಅದಕ್ಕೆ ತಿಳಿಯುವುದಿಲ್ಲ. ಹಾಗಾಗಿ ಹತ್ತನೆಯ ಕ್ಲಾಸು ಪಾಸಾಗಿದ್ದೇವೆಂದು ನಾವು ಅಂದುಕೊಂಡಿದ್ದೇವೆ, ಮಾರ್ಕ್ಸ್ ಕಾರ್ಡು ಯಾರ ಹತ್ತಿರವೂ ಇಲ್ಲ. ಹೋಲಿಕೆ ಬೇಕೇಬೇಕೆಂದರೆ ಸಂಗೀತದ ಸರಳೆ ವರಸೆ ಹೆಚ್ಚು ಹತ್ತಿರದ್ದು. ಮಕ್ಕಳಿಗೆ ಮೊದಲು ಹೇಳಿಕೊಡುವ ಪಾಠ ಅದೇ, ಕಛೇರಿ ಮಾಡುವವರು ಮೂರು ಕಾಲದಲ್ಲಿ ಸಾಧನೆ ಮಾಡುವುದೂ ಅದನ್ನೇ. ಮಾಡಬೇಕಾದ್ದು ಬದಲಾಗಿರುವುದಿಲ್ಲ, ಅದನ್ನು ಯಾವ ವೇಗದಲ್ಲಿ ಎಷ್ಟು ಶುದ್ಧವಾಗಿ ಮಾಡುತ್ತಾರೆಂಬುದು ಬದಲಾಗಿರುತ್ತದೆ. ಈ ವಿಷಯದಲ್ಲಿ ಹೆಚ್ಚು ಕಾಲ ಪಳಗಿದ ಸಂಸ್ಥೆಗಳೂ ಹಾಗೆಯೇ ನಡೆದುಕೊಂಡಿವೆ. 1973ರಿಂದ ಕೆಲಸ ಮಾಡುತ್ತಿರುವ ಅಮೆರಿಕದ ಮೋಟರ್‌ಸೈಕಲ್ ಸೇಫ್ಟಿ ಫೌಂಡೇಶನ್, ಈಗಾಗಲೇ ಓಡಿಸಲು ಬಲ್ಲವರಿಗೆಂದು ನಡೆಸುತ್ತಿದ್ದ ಅನುಭವಿಗಳ ಕೋರ್ಸಿನ ಹೆಸರನ್ನೇ ಬದಲಿಸಿ ಅದನ್ನು ಬೇಸಿಕ್ ರೈಡರ್ ಕೋರ್ಸ್ 2 ಎಂದು ಕರೆಯಿತು. ಕೀತ್ ಕೋಡ್ 1980ರಲ್ಲಿ ಕಟ್ಟಿದ ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲ್ ರೇಸ್ ಟ್ರ್ಯಾಕಿನಲ್ಲಿ ಕಲಿಸುವ ಶಾಲೆ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲೂ ಅದರ ತರಗತಿಗಳು ನಡೆದಿವೆ, ಬೆಂಗಳೂರಿನಿಂದ ಅಲ್ಲಿಗೆ ಹೋಗಿ ಕಲಿತು ಬಂದವರು ಬೇಕಾದಷ್ಟು ಮಂದಿ ಇದ್ದಾರೆ. ಎಷ್ಟೇ ವರ್ಷ ಓಡಿಸಿರಲಿ, ಅಲ್ಲಿ ಎಲ್ಲರೂ ಶುರುಮಾಡುವುದು ಲೆವೆಲ್ ಒಂದರಿಂದ. ಅಲ್ಲಿನ ಮೊದಲ ಪಾಠ ಮೊಣಕಾಲನ್ನು ನೆಲಕ್ಕೆ ತಾಗಿಸುವುದಲ್ಲ, ತಿರುವಿನುದ್ದಕ್ಕೂ ಎಕ್ಸಲರೇಟರನ್ನು ಹೇಗೆ ಹದವಾಗಿ ತಿರುಗಿಸಬೇಕು ಎಂಬುದು.

ಮೂರನೆಯ ಮಾತನ್ನು ಒಪ್ಪುವ ಮೊದಲು ಅಡ್ವಾನ್ಸ್ಡ್ ಎಂಬ ಪದದ ಅರ್ಥ ಕೇಳಬೇಕು. ನಮ್ಮಲ್ಲಿ ಎಲ್ಲ ಶಾಲೆಗಳೂ ಒಂದೇ ಅರ್ಥದಲ್ಲಿ ಆ ಪದ ಬಳಸುವುದಿಲ್ಲ. ಒಬ್ಬರ ಅಡ್ವಾನ್ಸ್ಡ್ ಎಂದರೆ ಟ್ರ್ಯಾಕಿನ ಮೇಲೆ ವೇಗವಾಗಿ ತಿರುವು ತೆಗೆದುಕೊಳ್ಳುವುದು, ಇನ್ನೊಬ್ಬರದು ಜಲ್ಲಿ ಮರಳಿನಲ್ಲಿ ಎದ್ದು ನಿಂತು ಓಡಿಸುವುದು. ಬ್ರಿಟನ್ನಿನ ಪೊಲೀಸ್ ಸವಾರರ ಕೈಪಿಡಿಯಾದ ಮೋಟರ್‌ಸೈಕಲ್ ರೋಡ್‌ಕ್ರಾಫ್ಟ್ ಪರಂಪರೆಯಲ್ಲಿ ಅಡ್ವಾನ್ಸ್ಡ್ ಎಂದರೆ ಹೆಚ್ಚಾಗಿ ಕಣ್ಣಿನ ಕೆಲಸ: ಮುಂದೆ ಏನಾಗಬಹುದೆಂದು ರಸ್ತೆಯನ್ನು ಓದುವುದು, ಕಾಣುವಷ್ಟು ದೂರದೊಳಗೆ ನಿಲ್ಲಬಲ್ಲ ವೇಗವನ್ನು ಆರಿಸಿಕೊಳ್ಳುವುದು. ಮೂರಕ್ಕೂ ಹೆಸರು ಒಂದೇ, ಕಲಿಸುವುದು ಬೇರೆ ಬೇರೆ. ಇವುಗಳಲ್ಲಿ ಜನಪ್ರಿಯವಾದ ಮೊದಲನೆಯದಂತೂ ಪೂರ್ತಿಯಾಗಿ ಬೇಸಿಕ್ ಮೇಲೆ ನಿಂತದ್ದು. ಬ್ರೇಕನ್ನು ಹಿಡಿದುಕೊಂಡೇ ತಿರುವಿನೊಳಗೆ ಹೋಗಿ, ಗಾಡಿ ವಾಲಿದಷ್ಟೂ ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತಾ ಬರುವ ವಿದ್ಯೆಯನ್ನು ಅಲ್ಲಿ ಕಲಿಸುತ್ತಾರೆ. ನೆಟ್ಟಗೆ ಹೋಗುತ್ತಿರುವಾಗಲೇ ಮುಂದಿನ ಬ್ರೇಕನ್ನು ಹದವಾಗಿ ಹಿಂಡಲು ಬಾರದ ಬೆರಳು, ವಾಲಿದ ಗಾಡಿಯಲ್ಲಿ ಹದವಾಗಿ ಬಿಡುವುದನ್ನು ಹೇಗೆ ಕಲಿತೀತು? ಅಂಥವರಿಗೆ ಆ ಕೋರ್ಸಿನಲ್ಲಿ ದಕ್ಕುವುದು ವಿದ್ಯೆಯ ಹೊರಮೈ, ಮತ್ತು ಅದಕ್ಕಿಂತ ಹೆಚ್ಚಾಗಿ ಧೈರ್ಯ.

ಆ ಧೈರ್ಯವೇ ಅಪಾಯವಾಗಬಲ್ಲದು ಎಂಬುದಕ್ಕೆ ಕಾರಿನ ಲೋಕದಿಂದ ಒಂದು ನಿದರ್ಶನವಿದೆ. ಹಿಮ ಬಿದ್ದ ರಸ್ತೆಯಲ್ಲಿ ಜಾರುವ ಕಾರನ್ನು ಹತೋಟಿಗೆ ತರುವ ತರಬೇತಿಯನ್ನು ನಾರ್ವೆ ದೇಶ ಹೊಸ ಚಾಲಕರಿಗೆ ಕಡ್ಡಾಯ ಮಾಡಿತ್ತು. ಅಪಘಾತ ಕಡಿಮೆಯಾಗಬೇಕಿತ್ತು. 1980ರ ದಶಕದಲ್ಲಿ ಸಂಶೋಧಕರು ಲೆಕ್ಕ ತೆಗೆದಾಗ ಯುವ ಪುರುಷ ಚಾಲಕರಲ್ಲಿ ಅದು ಇಳಿಯುವ ಬದಲು ಏರಿತ್ತು. ಜಾರಿದರೂ ಸಂಭಾಳಿಸಬಲ್ಲೆವು ಎಂಬ ನಂಬಿಕೆ ಅವರನ್ನು ಜಾರುವಷ್ಟು ವೇಗಕ್ಕೆ ಒಯ್ದಿತು ಎಂಬುದು ಇದಕ್ಕೆ ಕೊಟ್ಟ ವಿವರಣೆ. ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಇದೇ ಹೇಗೆ ಕಾಣುತ್ತದೆಂದು ಊಹಿಸುವುದು ಕಷ್ಟವಲ್ಲ. ಟ್ರ್ಯಾಕಿನಲ್ಲಿ ಎದುರಿನಿಂದ ಯಾರೂ ಬರುವುದಿಲ್ಲ, ರಸ್ತೆಯ ಪೂರ್ತಿ ಅಗಲ ನಮ್ಮದು. ಘಾಟಿಯಲ್ಲಿ ಬಲ ತಿರುವಿಗೆ ಗಾಡಿ ವಾಲಿಸಿದಾಗ ಚಕ್ರ ನಮ್ಮ ಬದಿಯಲ್ಲೇ ಇದ್ದರೂ ತಲೆ ನಡುಗೆರೆಯ ಆಚೆಗೆ ಚಾಚಿಕೊಂಡಿರುತ್ತದೆ, ಎಡ ತಿರುವಿನಲ್ಲಿ ಎರಡಡಿ ಅಗಲಕ್ಕೆ ಹೋದರೆ ಎದುರಿರುವುದು ಕೆಂಪು ಬಸ್ಸು. ಟ್ರ್ಯಾಕಿನ ವಿದ್ಯೆ ಸುಳ್ಳೆಂದಲ್ಲ, ಅದನ್ನು ಎಲ್ಲಿ ಬಳಸಬಾರದು ಎಂಬ ವಿವೇಕ ಆ ಪಾಠದೊಳಗೇ ತಾನಾಗಿ ಬರುವುದಿಲ್ಲ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ತೂಕವುಳ್ಳವು ಮೂರು. ಎಬಿಎಸ್ ಬಂದ ಮೇಲೆ ಬ್ರೇಕಿನ ಪಾಠ ಯಾಕೆ ಎನ್ನುವುದು ಒಂದು. 2019ರ ಏಪ್ರಿಲ್‌ನಿಂದ ಮಾರಾಟವಾಗುವ 125 ಸಿಸಿಗಿಂತ ದೊಡ್ಡ ಬೈಕುಗಳಲ್ಲಿ ಎಬಿಎಸ್ ಕಡ್ಡಾಯವಾಗಿದೆ, ಅದು ಒಳ್ಳೆಯದೇ ಆಯಿತು. ಆದರೆ ಚಕ್ರ ಕಚ್ಚಿಕೊಳ್ಳದಂತೆ ತಡೆಯುವುದಷ್ಟೇ ಅದರ ಕೆಲಸ, ನಮ್ಮ ಪರವಾಗಿ ಲಿವರನ್ನು ಅದು ಒತ್ತುವುದಿಲ್ಲ. ಮುಂದಿನ ಬ್ರೇಕನ್ನು ಹೆದರಿ ಹೆದರಿ ಅರ್ಧ ಮಾತ್ರ ಒತ್ತುವವರ ಗಾಡಿಯಲ್ಲಿ ಆ ಯಂತ್ರಕ್ಕೆ ಕೆಲಸ ಮಾಡುವ ಸಂದರ್ಭವೇ ಒದಗುವುದಿಲ್ಲ. ಎರಡನೆಯದು, ಅಪಘಾತ ಮಾಡುವವರು ಬೇರೆಯವರು, ನಾನು ಕಲಿತು ಏನು ಪ್ರಯೋಜನ ಎನ್ನುವುದು. ಇದರಲ್ಲಿ ಹುರುಳಿದೆ. ಹರ್ಟ್ ವರದಿಯೂ ಬೈಕಿಗೆ ಬೇರೆ ವಾಹನ ಡಿಕ್ಕಿಯಾದ ಪ್ರಕರಣಗಳಲ್ಲಿ ಸುಮಾರು ಮೂರನೇ ಎರಡು ಪಾಲಿನಲ್ಲಿ ದಾರಿ ಬಿಡದೆ ಅಡ್ಡ ಬಂದದ್ದು ಆ ಇನ್ನೊಂದು ವಾಹನವೇ ಎಂದಿದೆ. ತಪ್ಪು ಯಾರದು ಎಂಬುದು ಕೋರ್ಟಿನಲ್ಲಿ ಇತ್ಯರ್ಥವಾಗಲಿ. ರಸ್ತೆಯ ಮೇಲೆ ಉಳಿದಿರುವ ಆ ಎರಡು ಸೆಕೆಂಡು ಮಾತ್ರ ಸವಾರರದೇ, ಅಡ್ಡ ಬಂದವರು ಅದನ್ನು ಅವರ ಪರವಾಗಿ ಬಳಸಲಾರರು.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿ: ತರಬೇತಿಯಿಂದ ಅಪಘಾತ ಕಡಿಮೆಯಾಗುತ್ತದೆಂದು ಸಾಬೀತಾಗಿದೆಯೇ? ಪ್ರಾಮಾಣಿಕವಾಗಿ ಹೇಳುವುದಾದರೆ, ಇಲ್ಲ. ಬೈಕ್ ತರಬೇತಿಯ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ಸಂಸ್ಥೆಯ 2010ರ ವಿಮರ್ಶೆ, ಆ ಅಧ್ಯಯನಗಳ ಗುಣಮಟ್ಟ ಸಾಲದು, ಇವುಗಳಿಂದ ಖಚಿತ ತೀರ್ಮಾನಕ್ಕೆ ಬರಲಾಗದು ಎಂದಿತು. ಇದನ್ನು ಮುಚ್ಚಿಟ್ಟು ತರಬೇತಿಯ ಪರ ವಾದಿಸುವುದು ಸರಿಯಲ್ಲ. ಕೋರ್ಸ್ ಲಸಿಕೆಯಂತಲ್ಲ, ಒಮ್ಮೆ ಚುಚ್ಚಿಸಿಕೊಂಡರೆ ಕಾಯುತ್ತದೆ ಎನ್ನಲಾಗದು. ಆದರೆ ಈ ಸಂದೇಹ ಎರಡೂ ಕೋರ್ಸಿಗೆ ಸಮಾನವಾಗಿ ಅನ್ವಯಿಸುತ್ತದೆ, ಬೇಸಿಕ್ ಬಿಟ್ಟು ಅಡ್ವಾನ್ಸ್ಡ್ ಆರಿಸಿಕೊಳ್ಳಲು ಅದು ಕಾರಣವಾಗುವುದಿಲ್ಲ. ನಾವು ಕೇಳುತ್ತಿರುವುದು ಎರಡರಲ್ಲಿ ಯಾವುದು ಎಂದು. ಅಲ್ಲಿ ನಮ್ಮ ಕೈಯಲ್ಲಿರುವ ತಿಳಿವಳಿಕೆ ಒಂದೇ ದಿಕ್ಕಿಗೆ ತೋರಿಸುತ್ತದೆ: ಧೈರ್ಯವನ್ನು ಕೌಶಲಕ್ಕಿಂತ ಮುಂದಕ್ಕೆ ಓಡಿಸುವ ಪಾಠಕ್ಕೆ ಕೆಡುಕು ಮಾಡುವ ಶಕ್ತಿಯಿದೆ, ನಿಲ್ಲುವ ದೂರವನ್ನು ಕಡಿಮೆ ಮಾಡಿಸುವ ಪಾಠದಲ್ಲಿ ಆ ಅಪಾಯ ಕಡಿಮೆ.

ಹಾಗೆಂದು ಎಲ್ಲರೂ ಬೇಸಿಕ್‌ಗೇ ಸೇರಬೇಕೆಂದು ನನ್ನ ವಾದವಲ್ಲ. ವರ್ಷದ ಲೆಕ್ಕದಲ್ಲಿ ಅಡ್ವಾನ್ಸ್ಡ್ ಆರಿಸಿದಷ್ಟೇ ತಪ್ಪು, ವಿನಯದ ಲೆಕ್ಕದಲ್ಲಿ ಬೇಸಿಕ್ ಆರಿಸುವುದು. ಅಳತೆ ಬೇಕು, ಮತ್ತು ಅದು ಕಷ್ಟವೂ ಅಲ್ಲ. ಯಾವುದೇ ಒಳ್ಳೆಯ ಶಾಲೆ ಹಣ ಕಟ್ಟಿಸಿಕೊಳ್ಳುವ ಮುಂಚೆ ಅರ್ಧ ಗಂಟೆಯಲ್ಲಿ ಇಷ್ಟನ್ನು ನೋಡಬಹುದು. ಹೆಲ್ಮೆಟ್ಟು, ಕೈಗವಸು, ಪಕ್ಕದಲ್ಲಿ ಬಲ್ಲವರೊಬ್ಬರು, ವಾಹನಗಳಿಲ್ಲದ ಸಮತಟ್ಟಾದ ಟಾರು ಇರಬೇಕು. ವೇಗವನ್ನು ಇಪ್ಪತ್ತರಿಂದ ಏರಿಸುತ್ತಾ ಹೋಗಬೇಕು.

1. ಸೀಮೆಸುಣ್ಣದ ಗೆರೆ ದಾಟಿದ ಕೂಡಲೇ ಬ್ರೇಕ್ ಹಿಡಿದು 40ರ ವೇಗದಿಂದ ಸುಮಾರು ಹತ್ತು ಮೀಟರಿನಲ್ಲಿ ನಿಲ್ಲಬೇಕು. ಒಂದು ಸಲ ನಿಂತರೆ ಸಾಲದು, ಮೂರು ಸಲವೂ ಹೆಚ್ಚುಕಡಿಮೆ ಅದೇ ಜಾಗದಲ್ಲಿ ನಿಲ್ಲಬೇಕು. ಒಮ್ಮೆ ಒಂಬತ್ತು, ಇನ್ನೊಮ್ಮೆ ಹದಿನಾರು ಆದರೆ ಒಂಬತ್ತು ಬಂದದ್ದು ಅದೃಷ್ಟ.

2. ಎರಡು ಲೇನಿನ ರಸ್ತೆಯಷ್ಟು, ಎಂದರೆ ಏಳು ಮೀಟರ್ ಅಗಲದೊಳಗೆ ಕಾಲೂರದೆ ಯು ತಿರುವು ಹೊಡೆಯಬೇಕು, ಎಡಕ್ಕೂ ಬಲಕ್ಕೂ. ಒಂದು ಬದಿಗೆ ಸಲೀಸಾಗಿ ಬಂದು ಇನ್ನೊಂದಕ್ಕೆ ಬಾರದವರೇ ಹೆಚ್ಚು.

3. 40ರಲ್ಲಿ ಹೋಗುತ್ತಾ ಎದುರಿನ ಕೋನನ್ನು ತಪ್ಪಿಸಿ ಪಕ್ಕಕ್ಕೆ ಸರಿಯಬೇಕು. ಎಡಕ್ಕೆ ಸರಿಯಲು ಎಡಗೈಯಿಂದ ಹ್ಯಾಂಡಲ್ಲನ್ನು ಮುಂದಕ್ಕೆ ಒತ್ತಬೇಕು ಎಂಬುದು ಕೈಗೆ ಗೊತ್ತಿರಬೇಕು. ಬಾಯಲ್ಲಿ ಹೇಳಲು ಬರುವುದು ಸಾಲದು. ಹರ್ಟ್ ತಂಡ ಅಪಘಾತಕ್ಕೀಡಾದ ಸವಾರರಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎಂದು ಬರೆದದ್ದು ಈ ಒಂದು ಕೌಶಲದ ಬಗ್ಗೆ.

ಮೂರನ್ನೂ ಮಾಡಬಲ್ಲವರು ಬೇಸಿಕ್ ಬಿಟ್ಟು ಮುಂದೆ ಹೋಗಲಿ, ಅವರನ್ನು ಹಿಡಿದು ಕೂರಿಸುವುದು ಶಾಲೆಗೂ ನಷ್ಟ, ಅವರಿಗೂ ನಷ್ಟ. ಒಂದರಲ್ಲಿ ಮಾತ್ರ ಎಡವುವವರಿಗೆ ಪೂರ್ತಿ ಕೋರ್ಸು ಬೇಕೆಂದೇನಿಲ್ಲ, ಆ ಒಂದನ್ನು ತಿದ್ದಿಕೊಂಡರೆ ಸಾಕು. ಎರಡರಲ್ಲಿ ಎಡವುವವರು ಮೂವತ್ತು ವರ್ಷ ಓಡಿಸಿದ್ದರೂ ಬೇಸಿಕ್‌ಗೆ ಸೇರಬೇಕು. ಐದಾರು ವರ್ಷ ಗಾಡಿ ಮುಟ್ಟದೆ ಮತ್ತೆ ಶುರುಮಾಡಿದವರು, ನೂರಿಪ್ಪತ್ತು ಕಿಲೋ ತೂಕದ ಬೈಕಿನಿಂದ ಇನ್ನೂರು ಕಿಲೋದ್ದಕ್ಕೆ ಬಂದವರು, ಸ್ಕೂಟರಿನಿಂದ ಗೇರಿನ ಗಾಡಿಗೆ ಬಂದವರು ಕೂಡ ಈ ಪರೀಕ್ಷೆಯನ್ನು ಹೊಸದಾಗಿ ಕೊಡಬೇಕು, ಯಾಕೆಂದರೆ ಅವರ ಕೈಗಿರುವ ನೆನಪು ಬೇರೆ ಗಾಡಿಯದು.

ಬೇಸಿಕ್ ಮುಗಿಸಿದ ಮಾರನೆಯ ವಾರವೇ ಅಡ್ವಾನ್ಸ್ಡ್‌ಗೆ ಹಣ ಕಟ್ಟುವುದನ್ನೂ ನಾನು ಒಪ್ಪಲಾರೆ. ಒಂದು ದಿನದಲ್ಲಿ ತಿಳಿದದ್ದು ಗಾಬರಿಯಲ್ಲೂ ಕೈಗೆ ಬರಬೇಕಾದರೆ ತಿಂಗಳುಗಟ್ಟಲೆ ಅಭ್ಯಾಸ ಬೇಕು. ಭಾನುವಾರ ಬೆಳಗ್ಗೆ ನಂದಿ ಬೆಟ್ಟಕ್ಕೆ ಹೊರಡುವ ಮುನ್ನ ಖಾಲಿ ಜಾಗದಲ್ಲಿ ಹತ್ತು ನಿಮಿಷ, ಅದೇ ಸೀಮೆಸುಣ್ಣದ ಗೆರೆ, ಅದೇ ಹತ್ತು ಮೀಟರು. ಮೂರು ನಾಲ್ಕು ತಿಂಗಳ ಬಳಿಕ ಗೆರೆಯಿಂದ ನಿಂತ ಜಾಗದವರೆಗಿನ ಅಳತೆ ಬದಲಾಗದೆ ನಿಂತಾಗ ಮುಂದಿನ ಕೋರ್ಸನ್ನು ಆರಿಸಬಹುದು. ಆಗಲೂ ಕೇಳಬೇಕಾದ ಪ್ರಶ್ನೆ ಅಡ್ವಾನ್ಸ್ಡ್ ಹೌದೋ ಅಲ್ಲವೋ ಎಂದಲ್ಲ, ಯಾವ ಅಡ್ವಾನ್ಸ್ಡ್ ಎಂದು. ಲಡಾಖಿಗೆ ಹೊರಟವರಿಗೆ ಜಲ್ಲಿಯ ಪಾಠ, ವೇಗದ ಆಸೆ ಇರುವವರಿಗೆ ಟ್ರ್ಯಾಕಿನ ಪಾಠ, ವಾರಕ್ಕೊಮ್ಮೆ ಘಾಟಿ ಹತ್ತಿ ದಿನವೂ ಆಫೀಸಿಗೆ ಹೋಗುವ ನಮ್ಮಲ್ಲಿ ಉಳಿದೆಲ್ಲರಿಗೆ ರಸ್ತೆಯನ್ನು ಓದುವ ಪಾಠ. ಈ ಕೊನೆಯದನ್ನು ಕಲಿಸುವವರು ನಮ್ಮಲ್ಲಿ ಕಡಿಮೆ, ಯಾಕೆಂದರೆ ಅದನ್ನು ಕೇಳಿಕೊಂಡು ಬರುವವರು ಕಡಿಮೆ. ಶಾಲೆಗೆ ಫೋನ್ ಮಾಡಿದಾಗ ಟ್ರ್ಯಾಕಿನಲ್ಲಿ ಎಷ್ಟು ಸುತ್ತು ಕೊಡುತ್ತೀರಿ ಎಂದು ಕೇಳುವುದರ ಜೊತೆಗೆ, ನಿಜವಾದ ರಸ್ತೆಯಲ್ಲಿ ನನ್ನ ಹಿಂದೆ ಬಂದು ತಪ್ಪು ಹೇಳುವವರು ಇದ್ದಾರೆಯೇ ಎಂದೂ ಹತ್ತು ಜನ ಕೇಳತೊಡಗಿದರೆ ಆ ಪಾಠವೂ ಶುರುವಾಗುತ್ತದೆ.